ಹಳೆಬಟ್ಟೆಯ ಮರುಪಯಣ: ಕೌದಿ, ಪಾತ್ರೆ ವಿನಿಮಯ ಮತ್ತು ವರ್ತುಲ ಆರ್ಥಿಕತೆಯ ಪೂರೈಕೆ ಸರಪಳಿ

ಪೀಠಿಕೆ

ಜಾನಪದ ಅಧ್ಯಯನವು ವಸ್ತುಸಂಸ್ಕೃತಿಯನ್ನು ಹೆಚ್ಚಾಗಿ ಅದರ ಹುಟ್ಟಿನ ನೆಲೆಯಿಂದಲೇ ನೋಡುತ್ತ ಬಂದಿದೆ. ಮಡಕೆ ಹೇಗೆ ರೂಪುಗೊಳ್ಳುತ್ತದೆ, ಕಂಬಳಿ ಹೇಗೆ ನೇಯಲ್ಪಡುತ್ತದೆ, ಬುಟ್ಟಿಯ ಹೆಣಿಗೆಯ ಬಗೆಗಳು ಎಷ್ಟು ಎಂಬ ಪ್ರಶ್ನೆಗಳಿಗೆ ನಮ್ಮ ವಿದ್ವಾಂಸರು ವಿವರವಾದ ಉತ್ತರಗಳನ್ನು ಕೊಟ್ಟಿದ್ದಾರೆ. ಆದರೆ ವಸ್ತುವು ಹಳತಾದ ಮೇಲೆ ಅದರ ಗತಿ ಏನು, ಅದು ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ, ಆ ದಾಟುವಿಕೆಯನ್ನು ಯಾವ ನಿಯಮಗಳು ನಿರ್ಧರಿಸುತ್ತವೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ವಸ್ತುವಿನ ಮುಪ್ಪು ಮತ್ತು ಮರುಹುಟ್ಟು ಅಧ್ಯಯನದ ಅಂಚಿನಲ್ಲಿಯೇ ಉಳಿದಿವೆ.

ಈಚಿನ ವರ್ಷಗಳಲ್ಲಿ ಅರ್ಥಶಾಸ್ತ್ರ ಹಾಗೂ ಉದ್ಯಮ ನಿರ್ವಹಣೆಯ ಕ್ಷೇತ್ರಗಳಲ್ಲಿ ಇದೇ ಪ್ರಶ್ನೆ ಬೇರೊಂದು ಹೆಸರಿನಲ್ಲಿ ಮುನ್ನೆಲೆಗೆ ಬಂದಿದೆ. ಬಳಸಿದ ವಸ್ತುವನ್ನು ಎಸೆಯದೆ ಮತ್ತೆ ಬಳಕೆಗೆ ತರುವ ವ್ಯವಸ್ಥೆಯನ್ನು ‘ವರ್ತುಲ ಆರ್ಥಿಕತೆ’ ಎಂದೂ, ಆ ವಸ್ತುವನ್ನು ಬಳಕೆದಾರನಿಂದ ಹಿಂದಕ್ಕೆ ಪಡೆದು, ವಿಂಗಡಿಸಿ, ಹೊಸ ಬಳಕೆಗೆ ತಲುಪಿಸುವ ದಾರಿಯನ್ನು ‘ಹಿಮ್ಮುಖ ಪೂರೈಕೆ ಸರಪಳಿ’ ಎಂದೂ ಕರೆಯಲಾಗುತ್ತಿದೆ. ಇದು ತೀರ ಹೊಸ ಶಾಸ್ತ್ರವೆಂಬ ಭಾವನೆ ಸಾಮಾನ್ಯವಾಗಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಿ ಹೊದೆಯುವ ಕೌದಿಯನ್ನು ಹಾಗೂ ಹಳೆಬಟ್ಟೆಗೆ ಪಾತ್ರೆ ಕೊಡುವ ಅಲೆಮಾರಿ ವ್ಯಾಪಾರವನ್ನು ಮುಂದಿಟ್ಟುಕೊಂಡು ಈ ಭಾವನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂದು ಸಾಧಿಸುವುದು ಇಲ್ಲಿಯ ಗುರಿಯಲ್ಲ. ಜನಪದ ವಿನಿಮಯ ಪದ್ಧತಿಯು ಯಾವ ಸಮಸ್ಯೆಗಳನ್ನು ಹೇಗೆ ಬಿಡಿಸಿತು, ಯಾವುದನ್ನು ಬಿಡಿಸಲಿಲ್ಲ, ಅದರ ಕೊಂಡಿಗಳು ಇಂದು ಏಕೆ ಕಳಚುತ್ತಿವೆ ಎಂಬುದನ್ನು ವಿವರಿಸಲು ಇಲ್ಲಿ ಯತ್ನಿಸಲಾಗಿದೆ.

ಪರಿಕಲ್ಪನೆಯ ಹಿನ್ನೆಲೆ

ವರ್ತುಲ ಆರ್ಥಿಕತೆಯ ವಿಚಾರವು ಒಬ್ಬರಿಂದ ಒಮ್ಮೆಗೇ ಹುಟ್ಟಿದ್ದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಬೌಲ್ಡಿಂಗ್ 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಭೂಮಿಯನ್ನು ಬಾಹ್ಯಾಕಾಶ ನೌಕೆಗೆ ಹೋಲಿಸಿ, ಮಿತವಾದ ಸಂಪನ್ಮೂಲವನ್ನು ಸುತ್ತುತ್ತಲೇ ಬಳಸಬೇಕಾದ ಅನಿವಾರ್ಯವನ್ನು ಮುಂದಿಟ್ಟರು. ಸ್ವಿಟ್ಜರ್ಲೆಂಡಿನ ವಾಲ್ಟರ್ ಸ್ಟಾಹೆಲ್ ಅವರು ಜೆನೆವೀವ್ ರೆಡೆ ಅವರೊಡನೆ 1976ರಲ್ಲಿ ಯುರೋಪಿನ ಆಯೋಗಕ್ಕೆ ಸಲ್ಲಿಸಿದ ವರದಿಯಲ್ಲಿ, ವಸ್ತುಗಳ ಆಯುಷ್ಯವನ್ನು ಹೆಚ್ಚಿಸಿದರೆ ಇಂಧನದ ಬದಲಿಗೆ ಮಾನವ ಶ್ರಮಕ್ಕೆ ಅವಕಾಶ ದೊರೆಯುತ್ತದೆ ಎಂದು ವಾದಿಸಿದರು. 2010ರಲ್ಲಿ ಸ್ಥಾಪನೆಗೊಂಡ ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನವು ಈ ಪರಿಕಲ್ಪನೆಯನ್ನು ಉದ್ಯಮ ವಲಯದಲ್ಲಿ ವ್ಯಾಪಕವಾಗಿ ಪ್ರಚುರಪಡಿಸಿತು. ಚೀನಾದಲ್ಲಿ ಈ ಕುರಿತ ಕಾಯಿದೆಯು 2009ರ ಜನವರಿಯಿಂದ ಜಾರಿಗೆ ಬಂದಿತು. ಯುರೋಪಿನ ಒಕ್ಕೂಟವು 2015ರಲ್ಲಿ ಕ್ರಿಯಾಯೋಜನೆಯನ್ನು ಪ್ರಕಟಿಸಿತು.

ಸ್ಟಾಹೆಲ್ ಅವರ ಬರಹಗಳಲ್ಲಿ ಕಾಣುವ ಒಂದು ತತ್ತ್ವ ನಮ್ಮ ಚರ್ಚೆಗೆ ಮುಖ್ಯವಾದುದು. ಕೆಡದಿರುವುದನ್ನು ದುರಸ್ತಿ ಮಾಡಬಾರದು. ದುರಸ್ತಿಗೆ ಒಗ್ಗುವುದನ್ನು ಬಿಚ್ಚಿ ಮರುನಿರ್ಮಿಸಬಾರದು. ಮರುನಿರ್ಮಾಣಕ್ಕೆ ಒಗ್ಗುವುದನ್ನು ಕರಗಿಸಿ ಕಚ್ಚಾವಸ್ತುವಾಗಿಸಬಾರದು ಎಂಬುದು ಅದರ ಸಾರ. ವಸ್ತುವು ಎಷ್ಟು ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆಯೋ ಅಷ್ಟು ಕಡಿಮೆ ನಷ್ಟ.

ಇನ್ನು ಪೂರೈಕೆ ಸರಪಳಿಯ ವಿಚಾರ. ಸಾಮಾನ್ಯ ಸರಪಳಿಯಲ್ಲಿ ವಸ್ತುವು ಒಂದು ಕಾರ್ಖಾನೆಯಿಂದ ಹೊರಟು ಅನೇಕ ಮನೆಗಳಿಗೆ ಹಂಚಿಹೋಗುತ್ತದೆ. ಹಿಮ್ಮುಖ ಸರಪಳಿಯಲ್ಲಿ ಅನೇಕ ಮನೆಗಳಿಂದ ವಸ್ತುವು ಒಂದೆಡೆಗೆ ಬಂದು ಸೇರಬೇಕು. ಇಲ್ಲಿ ಮೂರು ಅನಿಶ್ಚಯಗಳು ಎದುರಾಗುತ್ತವೆ ಎಂದು ಆ ಕ್ಷೇತ್ರದ ಸಂಶೋಧಕರು ಗುರುತಿಸಿದ್ದಾರೆ. ವಸ್ತು ಎಷ್ಟು ಪ್ರಮಾಣದಲ್ಲಿ ಹಿಂತಿರುಗುತ್ತದೆ ಎಂಬುದು ತಿಳಿಯದು. ಯಾವಾಗ ಹಿಂತಿರುಗುತ್ತದೆ ಎಂಬುದು ತಿಳಿಯದು. ಯಾವ ಸ್ಥಿತಿಯಲ್ಲಿ ಹಿಂತಿರುಗುತ್ತದೆ ಎಂಬುದೂ ತಿಳಿಯದು. ಪ್ರಮಾಣ, ಕಾಲ ಮತ್ತು ಗುಣಮಟ್ಟ ಎಂಬ ಈ ಮೂರನ್ನು ನಿಭಾಯಿಸುವುದೇ ಹಿಮ್ಮುಖ ಸರಪಳಿಯ ನಿರ್ವಹಣೆಯ ತಿರುಳು. ಹಳೆಬಟ್ಟೆಯ ಜನಪದ ವ್ಯವಸ್ಥೆಯನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿಯೇ ಮುಂದೆ ನೋಡಲಾಗುವುದು.

ಮನೆಯೆಂಬ ಮೊದಲ ಉಗ್ರಾಣ

ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಬಟ್ಟೆಯು ಹರಿದ ದಿನವೇ ಮನೆಯಿಂದ ಹೊರಬೀಳುವುದಿಲ್ಲ. ಅದಕ್ಕೆ ಒಂದು ಇಳಿಜಾರಿನ ಬದುಕಿದೆ. ಹಬ್ಬದ ಸೀರೆ ಕೆಲವು ವರ್ಷಗಳ ತರುವಾಯ ದಿನಬಳಕೆಯ ಸೀರೆಯಾಗುತ್ತದೆ. ಮೆತ್ತಗಾದ ಮೇಲೆ ಬಾಣಂತಿಯ ಕೋಣೆಗೆ ಹೋಗಿ ಕೂಸಿನ ತೊಟ್ಟಿಲ ಹಾಸಾಗುತ್ತದೆ, ಕುಂಚಿಗೆಯಾಗುತ್ತದೆ. ಹೊಸ ಕೂಸಿಗೆ ಹೊಸ ಬಟ್ಟೆಗಿಂತ ಹಿರಿಯರು ಉಟ್ಟು ಮೆತ್ತಗಾದ ಹಳೆಯ ಬಟ್ಟೆಯೇ ಲೇಸು ಎಂಬ ನಂಬಿಕೆ ವ್ಯಾಪಕವಾಗಿದೆ. ಹಿರಿಯರ ಆಯುಷ್ಯ ಕೂಸಿಗೆ ಬರಲಿ ಎಂಬ ಆಶಯವೂ, ಎಳೆಯ ಚರ್ಮಕ್ಕೆ ಗಂಜಿಯ ಬಿರುಸು ತಾಗದಿರಲಿ ಎಂಬ ವಿವೇಕವೂ ಅದರಲ್ಲಿ ಒಂದಾಗಿವೆ. ಅನಂತರದಲ್ಲಿ ಸೀರೆಯ ಗಟ್ಟಿಯಾದ ಭಾಗ ಕೌದಿಗೆ, ಸವೆದ ಭಾಗ ಒರೆಸುವ ಅರಿವೆಗೆ, ಅದರ ಅಂಚು ಕಟ್ಟುವ ದಾರಕ್ಕೆ ಸಲ್ಲುತ್ತದೆ.

ಈ ಅರಿವೆಗಳನ್ನು ಗಂಟು ಕಟ್ಟಿ ಅಟ್ಟದ ಮೇಲೆಯೋ ಮೂಲೆಯ ಪೆಟ್ಟಿಗೆಯಲ್ಲಿಯೋ ಇಡುವ ರೂಢಿಯಿದೆ. ನಮ್ಮ ಅಜ್ಜಿಯ ಮನೆಯಲ್ಲಿ ಅಂತಹ ಎರಡು ಗಂಟುಗಳಿದ್ದುದು ನನಗೆ ನೆನಪಿದೆ. ಒಂದು ಕೌದಿಯ ಗಂಟು, ಇನ್ನೊಂದು ಪಾತ್ರೆಯ ಗಂಟು. ಯಾವ ಬಟ್ಟೆ ಯಾವ ಗಂಟಿಗೆ ಹೋಗಬೇಕೆಂಬುದನ್ನು ಮನೆಯ ಹಿರಿಯಳು ಒಂದು ಕ್ಷಣದಲ್ಲಿ ನಿರ್ಧರಿಸುತ್ತಿದ್ದಳು. ಹತ್ತಿಯ ಬಟ್ಟೆ ಮೊದಲನೆಯದಕ್ಕೆ. ಜರಿಯುಳ್ಳದ್ದು, ಪ್ಯಾಂಟು, ಕೃತಕ ನೂಲಿನದು ಎರಡನೆಯದಕ್ಕೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮೂಲದಲ್ಲಿಯೇ ವಿಂಗಡಣೆ. ಪ್ರಮಾಣದ ಅನಿಶ್ಚಯಕ್ಕೆ ಈ ಗಂಟೇ ಪರಿಹಾರ. ಒಂದೊಂದೇ ಅರಿವೆಗಾಗಿ ಯಾರೂ ಮನೆಗೆ ಬರಬೇಕಾಗಿಲ್ಲ. ಗಂಟು ತುಂಬಿದಾಗ ಮಾತ್ರ ವ್ಯವಹಾರ ನಡೆಯುತ್ತದೆ. ಸಂಗ್ರಹದ ವೆಚ್ಚವನ್ನು ಮನೆಯೇ ಹೊರುವುದರಿಂದ ಸರಪಳಿಯ ಮೊದಲ ಕೊಂಡಿ ಹಗುರವಾಗುತ್ತದೆ.

ಪಂಚಾಂಗವೂ ಲೆಕ್ಕಪರಿಶೋಧನೆಯೂ

ಎರಡನೆಯದು ಕಾಲದ ಅನಿಶ್ಚಯ. ಉತ್ತರ ಕರ್ನಾಟಕದಲ್ಲಿ ದಸರೆಯ ಮುನ್ನ ಮನೆಯ ಸಮಸ್ತ ಹಾಸಿಗೆ ಹೊದಿಕೆಗಳನ್ನು ಹಳ್ಳಕ್ಕೋ ಕೆರೆಗೋ ಕೊಂಡೊಯ್ದು ಒಗೆಯುವ ಸಂಪ್ರದಾಯವಿದೆ. ಚಕ್ಕಡಿಯಲ್ಲಿ ಕೌದಿಗಳನ್ನು ಹೇರಿಕೊಂಡು ಓಣಿಯ ಹೆಂಗಸರೆಲ್ಲ ಒಟ್ಟಾಗಿ ಹೋಗುವುದು, ಬುತ್ತಿ ಕಟ್ಟಿಕೊಂಡು ದಿನವಿಡೀ ದಂಡೆಯಲ್ಲಿ ಕಳೆಯುವುದು ಹಲವರ ಬಾಲ್ಯದ ನೆನಪು. ಇದನ್ನು ಹಬ್ಬದ ಶುದ್ಧಿಯ ಆಚರಣೆಯೆಂದಷ್ಟೇ ನಾವು ದಾಖಲಿಸಿದ್ದೇವೆ. ಆದರೆ ಅದರಲ್ಲಿ ಇನ್ನೊಂದು ಕಾರ್ಯವೂ ಅಡಗಿದೆ. ನೆನೆದ ಕೌದಿಯನ್ನು ಇಬ್ಬರು ಹಿಡಿದು ಹಿಂಡುವಾಗ ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಒಳಪದರ ಸರಿದಿದೆ, ಯಾವುದು ಇನ್ನೊಂದು ಚಳಿಗಾಲವನ್ನು ತಡೆಯಲಾರದು ಎಂಬುದು ಕೈಗೆ ತಿಳಿಯುತ್ತದೆ. ವರ್ಷಕ್ಕೊಮ್ಮೆ ಮನೆಯ ಹೊದಿಕೆಗಳೆಲ್ಲವೂ ಒಂದೇ ದಿನ ತಪಾಸಣೆಗೆ ಒಳಪಡುತ್ತವೆ. ತೇಪೆ ಹಾಕುವುದೇ, ಮೇಲೊಂದು ಪದರ ಕೂಡಿಸುವುದೇ, ಹೊಸದನ್ನೇ ಹೊಲಿಸುವುದೇ ಎಂಬ ನಿರ್ಣಯ ಆಗಲೇ ಆಗುತ್ತದೆ. ಹೊಲಿಗೆಯ ಕೆಲಸ ಮಾತ್ರ ಹೊಲದ ಕೆಲಸ ಕಡಿಮೆಯಿರುವ ದಿನಗಳಿಗೆ, ವಿಶೇಷವಾಗಿ ಬೇಸಿಗೆಗೆ, ಕಾಯುತ್ತದೆ. ಹೀಗೆ ಹಬ್ಬ ಮತ್ತು ಒಕ್ಕಲುತನದ ಪಂಚಾಂಗವು ಹಳೆಬಟ್ಟೆಯ ಬೇಡಿಕೆ ಮತ್ತು ಪೂರೈಕೆಯ ಕಾಲವನ್ನು ನಿಗದಿಗೊಳಿಸುತ್ತದೆ. ಅಲೆಮಾರಿ ಹೊಲಿಗೆಯವರೂ ವ್ಯಾಪಾರಿಗಳೂ ತಮ್ಮ ಸುತ್ತಾಟವನ್ನು ಈ ಪಂಚಾಂಗಕ್ಕೆ ಹೊಂದಿಸಿಕೊಳ್ಳುತ್ತಾರೆ.

ಕೌದಿ: ಮರುನಿರ್ಮಾಣದ ವಿದ್ಯೆ

ಕೌದಿಯ ರಚನೆ ಸರಳವೆಂದು ತೋರಿದರೂ ಅದರ ಹಿಂದೆ ವಸ್ತುವಿನ ಖಚಿತವಾದ ಅರಿವಿದೆ. ತಳಕ್ಕೆ ಅಗಲವಾದ, ಗಟ್ಟಿಯಾದ ಅರಿವೆ. ನಡುವೆ ಸವೆದು ಮೆತ್ತಗಾದ ಸೀರೆ, ಧೋತರಗಳ ಪದರಗಳು. ಮೇಲೆ ಬಣ್ಣಬಣ್ಣದ ತುಂಡುಗಳು. ಇಳಕಲ್ಲ ಸೀರೆಯ ಒಡಲು, ಗುಳೇದಗುಡ್ಡದ ಕಣದ ತುಣುಕು, ಅಂಗಿಯ ಬೆನ್ನು ಇವೆಲ್ಲ ಇಲ್ಲಿ ಕೂಡುತ್ತವೆ. ಉದ್ದಕ್ಕೂ ಸಾಲುಸಾಲಾಗಿ ಹಾಯಿಸಿದ ದಾರವು ಪದರಗಳನ್ನು ಹಿಡಿದಿಡುತ್ತದೆ. ದುರ್ಬಲವಾದ ಬಟ್ಟೆಗೆ ಪದರದಲ್ಲಿ ಬಲ ಬರುತ್ತದೆ ಎಂಬುದೇ ಕೌದಿಯ ತತ್ತ್ವ. ಬಿಡಿಯಾಗಿ ಒಂದು ಎಳೆತವನ್ನೂ ತಡೆಯದ ಸೀರೆಯು ನಾಲ್ಕರೊಡನೆ ಕೂಡಿದಾಗ ಅನೇಕ ವರ್ಷ ಬಾಳುತ್ತದೆ. ಇಲ್ಲಿ ನೂಲನ್ನು ಬಿಚ್ಚುವುದಿಲ್ಲ, ಬಣ್ಣ ತೆಗೆಯುವುದಿಲ್ಲ, ನೀರು ಇಂಧನಗಳನ್ನು ವೆಚ್ಚ ಮಾಡುವುದಿಲ್ಲ. ಸ್ಟಾಹೆಲ್ ಹೇಳುವ ಚಿಕ್ಕ ಸುತ್ತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಅಪರೂಪ.

ಮನೆಯ ಹೆಂಗಸರೇ ಕೌದಿ ಹೊಲಿಯುವುದುಂಟು. ಅದನ್ನೇ ಕಸುಬಾಗಿ ಮಾಡಿಕೊಂಡವರೂ ಇದ್ದಾರೆ. ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಇವರಲ್ಲಿ ಮುಖ್ಯರು. ಈ ಸಮುದಾಯದ ಗಂಡಸರನ್ನು ಅಂಬಾಭವಾನಿಯ ಗೊಂದಲ ಹಾಕುವ ಕಲಾವಿದರಾಗಿ ಜಾನಪದ ವಿದ್ವಾಂಸರು ಬಲ್ಲರು. ಸಂಬಾಳ, ತುಂತುಣಿಗಳ ಕುರಿತು ಲೇಖನಗಳೂ ಬಂದಿವೆ. ಆದರೆ ಅದೇ ಮನೆಯ ಹೆಂಗಸರ ಸೂಜಿದಾರದ ಕೆಲಸ ಅಷ್ಟೇ ಗಮನ ಪಡೆಯಲಿಲ್ಲ. ಮನೆಯವರು ಅರಿವೆಯ ಗಂಟನ್ನು ಮುಂದಿಡುತ್ತಾರೆ. ಹೊಲಿಯುವವಳು ಕಟ್ಟೆಯ ಮೇಲೆಯೋ ಪಡಸಾಲೆಯಲ್ಲಿಯೋ ಕುಳಿತು ಕೌದಿಯನ್ನು ಮುಗಿಸಿ ಕಾಳು, ಹಣ, ಬಟ್ಟೆಗಳ ರೂಪದಲ್ಲಿ ಕೂಲಿ ಪಡೆಯುತ್ತಾಳೆ. ವಸ್ತುವು ಕಾರ್ಖಾನೆಗೆ ಹೋಗುವುದಿಲ್ಲ. ಕಾರ್ಖಾನೆಯೇ ವಸ್ತುವಿದ್ದಲ್ಲಿಗೆ ನಡೆದುಬರುತ್ತದೆ. ಭಾರವಾದ, ಬೆಲೆ ಕಡಿಮೆಯಾದ ಸರಕಿನ ಸಾಗಣೆಯ ವೆಚ್ಚವನ್ನು ತಪ್ಪಿಸುವ ಈ ಉಪಾಯವು ಹಿಮ್ಮುಖ ಸರಪಳಿಯ ಮೂಲ ಸಮಸ್ಯೆಯೊಂದಕ್ಕೆ ನೇರ ಉತ್ತರವಾಗಿದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ‘ಕವಂದಿ’ ಇದೇ ಕುಟುಂಬಕ್ಕೆ ಸೇರಿದ್ದು. ಆಫ್ರಿಕಾ ಮೂಲದ ಈ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬಂದು ಹೊಲಿಗೆಯನ್ನು ಮುಗಿಸುತ್ತಾರೆ. ಮೂಲೆಗಳಿಗೆ ‘ಫುಲ’ ಎಂಬ ಮಡಿಸಿದ ತ್ರಿಕೋನಾಕಾರದ ತುಂಡುಗಳನ್ನು ಕೂಡಿಸುವುದು ಕಡ್ಡಾಯ. ಅವಿಲ್ಲದ ಕವಂದಿ ಬೆತ್ತಲೆಯೆಂಬ ಭಾವನೆ ಅವರಲ್ಲಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದ ಈ ಹೊಲಿಗೆಯು ಹೊರಜಗತ್ತಿನ ಗಮನಕ್ಕೆ ಬಂದಿತು. ಹಳೆಬಟ್ಟೆಯನ್ನು ಮರುಬಳಸುವಾಗಲೂ ಅಂದದ ನಿಯಮವನ್ನು ಬಿಟ್ಟುಕೊಡದ ಮನೋಧರ್ಮ ಇಲ್ಲಿ ಗಮನಾರ್ಹ. ಬಡತನವೊಂದೇ ಕೌದಿಗೆ ಕಾರಣವೆಂಬ ವಿವರಣೆ ಸಾಲದು ಎಂಬುದಕ್ಕೆ ‘ಫುಲ’ವೇ ಸಾಕ್ಷಿ.

ಪಾತ್ರೆ ವಿನಿಮಯ: ಹೊಸ್ತಿಲ ಮೇಲಿನ ಬೆಲೆಕಟ್ಟುವಿಕೆ

ಮನೆಯಲ್ಲಿ ಮರುಬಳಕೆಯಾಗದ ಬಟ್ಟೆ ಪಾತ್ರೆಯವಳ ಬುಟ್ಟಿಗೆ ಸೇರುತ್ತದೆ. ಅಲ್ಯೂಮಿನಿಯಂ, ಸ್ಟೀಲು, ಈಚೆಗೆ ಪ್ಲಾಸ್ಟಿಕ್ಕಿನ ಸಾಮಾನುಗಳನ್ನು ಹೊತ್ತು ಓಣಿಓಣಿ ತಿರುಗಿ, ಹಳೆಬಟ್ಟೆಗೆ ಬದಲಾಗಿ ಪಾತ್ರೆ ಕೊಡುವ ಈ ವ್ಯಾಪಾರ ಭಾರತದ ಹಲವೆಡೆ ಕಂಡುಬರುತ್ತದೆ. ದೆಹಲಿಯ ರಘುಬೀರ್ ನಗರದಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರು ನಡೆಸುವ ಹಳೆಬಟ್ಟೆಯ ಸಂತೆ ಪ್ರಸಿದ್ಧವಾದುದು. ಬ್ರಿಟಿಷ್ ಮಾನವಶಾಸ್ತ್ರಜ್ಞೆ ಲೂಸಿ ನಾರಿಸ್ ಅವರು 2010ರಲ್ಲಿ ಪ್ರಕಟಿಸಿದ ಕೃತಿಯು ಆ ವ್ಯಾಪಾರದ ವಿಸ್ತೃತ ಅಧ್ಯಯನವಾಗಿದೆ.

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಧಾರವಾಡ ಸೀಮೆಯ ಊರೊಂದರಲ್ಲಿ ಇಂತಹ ಚೌಕಾಸಿಯನ್ನು ಆರಂಭದಿಂದ ಕೊನೆಯವರೆಗೆ ನೋಡುವ ಅವಕಾಶ ನನಗೆ ದೊರೆಯಿತು. ಪಾತ್ರೆಯವಳು ಪ್ರತಿ ಬಟ್ಟೆಯನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದಳು. ಬೆಳಕು ಎಲ್ಲಿ ಹೆಚ್ಚು ತೂರಿಬರುತ್ತದೆಯೋ ಅಲ್ಲಿ ಬಟ್ಟೆ ಸವೆದಿದೆ. ಅಂಗಿಯಾದರೆ ಕೊರಳಪಟ್ಟಿ, ಪ್ಯಾಂಟಾದರೆ ಮೊಣಕಾಲು, ಸೀರೆಯಾದರೆ ನೆರಿಗೆಯ ಅಂಚು ಎಂದು ಅವಳ ಬೆರಳು ನೇರವಾಗಿ ಸವೆಯುವ ಜಾಗಕ್ಕೇ ಹೋಗುತ್ತಿತ್ತು. ಮನೆಯಾಕೆ ಸೀರೆಯನ್ನು ಕೊಂಡ ಬೆಲೆಯನ್ನು ನೆನಪಿಸಿದಳು; ಪಾತ್ರೆಯವಳು ಅದು ಮುಂದೆ ಮಾರಾಟವಾಗುವ ಬೆಲೆಯನ್ನು ಹೇಳಿದಳು. ಒಂದು ಬಟ್ಟೆ ಕೂಡಿತು, ಡಬರಿಯ ಬದಲು ದೊಡ್ಡ ಡಬ್ಬಿ ಬಂದಿತು, ಮತ್ತೊಂದು ಬಟ್ಟೆ ಹಿಂದಕ್ಕೆ ಹೋಯಿತು. ಹೀಗೆ ಸುಮಾರು ಅರ್ಧ ಗಂಟೆ ನಡೆದ ಈ ವ್ಯವಹಾರದಲ್ಲಿ ತಕ್ಕಡಿಯಾಗಲಿ ಹಣವಾಗಲಿ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ.

ಮೂರನೆಯ ಅನಿಶ್ಚಯವಾದ ಗುಣಮಟ್ಟದ ಸಮಸ್ಯೆ ಬಗೆಹರಿಯುವುದು ಇಲ್ಲಿಯೇ. ಬಟ್ಟೆಯ ಸ್ಥಿತಿಯನ್ನು ಕೊಡುವವರ ಎದುರಿಗೇ ಪರೀಕ್ಷಿಸಿ, ಆ ಕ್ಷಣದಲ್ಲಿಯೇ ಬೆಲೆ ಕಟ್ಟಲಾಗುತ್ತದೆ. ಒಳ್ಳೆಯ ಬಟ್ಟೆಗೆ ಒಳ್ಳೆಯ ಪಾತ್ರೆ ಸಿಗುವುದರಿಂದ ಮನೆಯವರು ಬಟ್ಟೆಯನ್ನು ಒಗೆದು, ಮಡಿಸಿ, ಗುಂಡಿ ಕಳೆಯದಂತೆ ಇಡುತ್ತಾರೆ. ದಾನದ ಪೆಟ್ಟಿಗೆಗೆ ಬೀಳುವ ಬಟ್ಟೆಗೆ ಇಂತಹ ಪ್ರೇರಣೆಯಿಲ್ಲ. ಉಟ್ಟ ಬಟ್ಟೆಯನ್ನು ಒಗೆಯದೆ ಪರರಿಗೆ ಕೊಟ್ಟರೆ ಅದು ಮಾಟಕ್ಕೆ ಬಳಕೆಯಾದೀತೆಂಬ ಭಯವೂ ಜನರಲ್ಲಿದೆ. ಈ ನಂಬಿಕೆಯ ತಥ್ಯವೇನೇ ಇರಲಿ, ಅದರ ಪರಿಣಾಮವಾಗಿ ಸರಪಳಿಗೆ ಸೇರುವ ಬಟ್ಟೆ ಒಗೆದು ಬರುತ್ತದೆ.

ಪಾತ್ರೆಯವಳ ಬುಟ್ಟಿಯಿಂದ ಮುಂದೆ ದಾರಿಗಳು ಕವಲೊಡೆಯುತ್ತವೆ. ಉಡಲು ಯೋಗ್ಯವಾದುದು ತೇಪೆ, ಇಸ್ತ್ರಿ ಕಂಡು ಸಂತೆಯಲ್ಲಿ ಮಾರಾಟವಾಗುತ್ತದೆ. ಹಳೆಯ ರೇಷ್ಮೆ ಸೀರೆಯ ಜರಿಯನ್ನು ಸುಟ್ಟು ಬೆಳ್ಳಿಯನ್ನು ತೆಗೆಯುವವರಿದ್ದಾರೆ. ಹತ್ತಿಯ ಚಿಂದಿ ಗ್ಯಾರೇಜು, ಛಾಪಖಾನೆಗಳಲ್ಲಿ ಯಂತ್ರ ಒರೆಸುವ ‘ವೇಸ್ಟ್’ ಆಗುತ್ತದೆ. ಪ್ರತಿ ಕವಲಿಗೂ ಬೇರೆ ಖರೀದಿದಾರ, ಬೇರೆ ದರ, ಬೇರೆ ಪರಿಭಾಷೆ.

ದೂರದ ಕೊಂಡಿ: ಪಾನಿಪತ್

ಉಡಲೂ ಹೊಲಿಯಲೂ ಬಾರದ ಬಟ್ಟೆಯನ್ನು ಸೀಳಿ ನಾರಾಗಿಸಿ ಮತ್ತೆ ನೂಲು ತೆಗೆಯುವ ವಿಧಾನವೂ ಇದೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿ ಎಂಬಲ್ಲಿ ಬೆಂಜಮಿನ್ ಲಾ 1813ರಲ್ಲಿ ಉಣ್ಣೆಯ ಚಿಂದಿಯಿಂದ ನೂಲು ತೆಗೆದ ನಂತರ ‘ಶಾಡಿ’ ಎಂಬ ಈ ಉದ್ಯಮ ಬೆಳೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹರಿಯಾಣದ ಪಾನಿಪತ್ ನಗರವು ಇದರ ಬಹುಮುಖ್ಯ ಕೇಂದ್ರವಾಗಿ ರೂಪುಗೊಂಡಿತು. ಪಾಶ್ಚಾತ್ಯ ದೇಶಗಳ ಉಣ್ಣೆಯ ಉಡುಪುಗಳು ಧರಿಸಲಾಗದಂತೆ ಸೀಳಲ್ಪಟ್ಟು ಅಲ್ಲಿಗೆ ಬರುತ್ತವೆ. ಹೆಂಗಸರು ಕೈಯಿಂದಲೇ ಗುಂಡಿ, ಜಿಪ್ಪು, ಅಸ್ತರುಗಳನ್ನು ಬಿಡಿಸಿ ಬಣ್ಣಕ್ಕೆ ಅನುಸಾರವಾಗಿ ವಿಂಗಡಿಸುತ್ತಾರೆ. ಬಣ್ಣವಾರು ವಿಂಗಡಿಸುವುದರಿಂದ ಮತ್ತೆ ಬಣ್ಣ ಹಾಕುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಭೂಕಂಪ, ಯುದ್ಧಗಳ ಸಂತ್ರಸ್ತರಿಗೆ ಪರಿಹಾರ ಸಂಸ್ಥೆಗಳು ಹಂಚುವ ಅಗ್ಗದ ಕಂಬಳಿಗಳ ದೊಡ್ಡ ಪಾಲು ದೀರ್ಘಕಾಲ ಇಲ್ಲಿಂದಲೇ ಪೂರೈಕೆಯಾಯಿತು.

ಆದರೆ ಈ ದೊಡ್ಡ ಸುತ್ತಿನ ಮಿತಿಗಳೂ ಸ್ಪಷ್ಟ. ಸೀಳುವಾಗ ನಾರು ಗಿಡ್ಡವಾಗುತ್ತದೆ. ಗಿಡ್ಡ ನಾರಿನ ನೂಲು ದುರ್ಬಲ. ನೂಲಿನ ದೂಳು ಕೆಲಸಗಾರರ ಪುಪ್ಪುಸಕ್ಕೆ ಸೇರುತ್ತದೆ. 2010ರ ದಶಕದಲ್ಲಿ ಹೊಸ ಪಾಲಿಯೆಸ್ಟರಿನ ಅಗ್ಗದ, ಮೃದುವಾದ ಕಂಬಳಿಗಳು ಮಾರುಕಟ್ಟೆಗೆ ಬಂದಾಗ ಪಾನಿಪತ್ತಿನ ಅನೇಕ ಘಟಕಗಳು ಶಾಡಿಯನ್ನು ಬಿಟ್ಟು ಅದರತ್ತ ತಿರುಗಿದವು. ಮರುಬಳಕೆಯ ವಸ್ತುವು ಹೊಸ ವಸ್ತುವಿನೊಡನೆ ಬೆಲೆಯಲ್ಲಿ ಸೆಣಸಲಾರದಾದಾಗ ವರ್ತುಲವು ಮುರಿಯುತ್ತದೆ ಎಂಬುದಕ್ಕೆ ಇದು ಉದಾಹರಣೆ. ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನದ 2017ರ ವರದಿಯ ಪ್ರಕಾರ, ಉಡುಪಿಗೆ ಬಳಕೆಯಾಗುವ ವಸ್ತುವಿನಲ್ಲಿ ಮತ್ತೆ ಹೊಸ ಉಡುಪಾಗುವ ಪಾಲು ಶೇಕಡಾ 1ಕ್ಕಿಂತಲೂ ಕಡಿಮೆ.

ಕಳಚುತ್ತಿರುವ ಕೊಂಡಿಗಳು

ಜನಪದ ಸರಪಳಿ ಇಂದು ಎರಡು ಬದಿಗಳಿಂದ ಒತ್ತಡಕ್ಕೆ ಸಿಲುಕಿದೆ. ಮೊದಲನೆಯದು ವಸ್ತುವಿನ ಬದಲಾವಣೆ. ಹತ್ತಿಯ ಬಟ್ಟೆ ಉಟ್ಟಷ್ಟೂ ಮೆತ್ತಗಾಗುತ್ತದೆ. ಕೃತಕ ನೂಲಿನದು ಜಾಳಾಗುತ್ತದೆ ಇಲ್ಲವೇ ಸಿಬಿರೇಳುತ್ತದೆ, ಮೆತ್ತಗಾಗುವುದಿಲ್ಲ. ಪಾಲಿಯೆಸ್ಟರ್ ಸೀರೆ ಪದರದಲ್ಲಿ ಜಾರುತ್ತದೆ, ಬೆವರು ಹೀರುವುದಿಲ್ಲ. ಹಾಗಾಗಿ ಕೌದಿಯ ಗಂಟು ಬರಿದಾಗಿ ಪಾತ್ರೆಯ ಗಂಟು ಮಾತ್ರ ಬೆಳೆಯುತ್ತಿದೆ. ಇದರ ಪರಿಣಾಮ ಸರಪಳಿಯ ಕೊನೆಯಲ್ಲಿ ಇನ್ನೂ ಗಂಭೀರ. ಹತ್ತಿಯ ಕೌದಿ ಹೊದೆಯಲು ಬಾರದಾದ ಮೇಲೆ ಚಕ್ಕಡಿಯ ಹಾಸಾಗಿ, ದನದ ಕೊಟ್ಟಿಗೆಯ ಹೊದಿಕೆಯಾಗಿ, ಕೊನೆಗೆ ತಿಪ್ಪೆಗೆ ಬಿದ್ದು ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ. ಎರೆಭೂಮಿಯಲ್ಲಿ ಬೆಳೆದ ಹತ್ತಿ ಎರೆಭೂಮಿಗೇ ಸೇರುತ್ತದೆ. ವಾಸ್ತವವಾಗಿ ವರ್ತುಲ ಮುಚ್ಚಿಕೊಳ್ಳುವುದು ಈ ತಿಪ್ಪೆಯಲ್ಲಿಯೇ. ಅಲ್ಲಿಯವರೆಗಿನದು ಇಳಿಜಾರು ಮಾತ್ರ. ಪಾಲಿಯೆಸ್ಟರ್ ತಿಪ್ಪೆಯಲ್ಲಿ ಕೊಳೆಯದ ಕಾರಣ ಈ ಕೊನೆಯ ಕೊಂಡಿಯೇ ಇಲ್ಲವಾಗಿದೆ. ವಸ್ತು ಬದಲಾದ ಮೇಲೆ ಹಳೆಯ ವಿವೇಕವೊಂದೇ ವರ್ತುಲವನ್ನು ಉಳಿಸಲಾರದು ಎಂಬುದನ್ನು ನಾವು ಒಪ್ಪಬೇಕಾಗುತ್ತದೆ.

ಎರಡನೆಯದು ಸರಪಳಿಯನ್ನು ನಡೆಸುವ ಜನರ ಸ್ಥಾನಮಾನ. ಹಳೆಬಟ್ಟೆ ಮುಟ್ಟುವ ಕಸುಬಿಗೆ ಮೈಲಿಗೆಯ ಕಳಂಕ ಅಂಟಿದೆ. ಕೌದಿ ಹೊಲಿಯುವವಳಿಗೆ ಪಡಸಾಲೆಯಿಂದ ಒಳಗೆ ಪ್ರವೇಶವಿರಲಿಲ್ಲ. ಪಾತ್ರೆಯವಳಿಗೆ ಹೊಸ್ತಿಲೇ ಗಡಿ. ದಿನವಿಡೀ ಬೆನ್ನು ಬಾಗಿಸಿ ಹೊಲಿದವಳ ಕೂಲಿ ಅವಳ ಶ್ರಮಕ್ಕೆ ತಕ್ಕಂತೆ ಇರಲಿಲ್ಲ. ‘ಕಸದಿಂದ ರಸ’ ಎಂಬ ಮಾತನ್ನು ಇಂದು ಧಾರಾಳವಾಗಿ ಬಳಸುತ್ತೇವೆ. ರಸ ಯಾರ ಪಾಲಿಗೆ, ಕಸ ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಆ ಮಾತು ಮರೆಸುತ್ತದೆ. ಜನಪದ ವ್ಯವಸ್ಥೆಯನ್ನು ಕೊಂಡಾಡುವಾಗ ಈ ಅಸಮಾನತೆಯನ್ನು ಕಡೆಗಣಿಸುವುದು ವಿದ್ವತ್ತಿನ ಲೋಪವಾಗುತ್ತದೆ.

ಅಲೆಮಾರಿಗಳ ಸರಪಳಿಯೊಂದನ್ನು ಆಡಳಿತವು ಒಡೆದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ಕಹಿಯಾದ ಪಾಠವಿದೆ. ಮದ್ರಾಸ್ ಪ್ರಾಂತದಲ್ಲಿ ಕೊರವ ಸಮುದಾಯದವರು ಹೇರುಪಶುಗಳ ಮೇಲೆ ಉಪ್ಪು ಮತ್ತು ಧಾನ್ಯವನ್ನು ಹೊತ್ತು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ನಡೆಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುಮಾರ್ಗ, ವಸಾಹತು ಸರ್ಕಾರದ ಉಪ್ಪಿನ ನೀತಿ ಹಾಗೂ ಕ್ಷಾಮಗಳಿಂದ ಆ ವ್ಯಾಪಾರ ಕುಸಿಯಿತು. ಕಸುಬು ಕಳೆದುಕೊಂಡು ಅಲೆಯುತ್ತಿದ್ದವರನ್ನು ಆಮೇಲೆ ‘ಅಪರಾಧಿ ಬುಡಕಟ್ಟು’ ಎಂದು ಹೆಸರಿಸಲಾಯಿತು. 1871ರಲ್ಲಿ ಮೊದಲು ಬಂದ ಆ ಕಾಯಿದೆಯ ಪರಂಪರೆ ರದ್ದಾದುದು 1952ರಲ್ಲಿ. ಮೀನಾ ರಾಧಾಕೃಷ್ಣ ಅವರು 2001ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಈ ಪ್ರಕ್ರಿಯೆಯನ್ನು ದಾಖಲೆಗಳ ಆಧಾರದಿಂದ ನಿರೂಪಿಸಿದ್ದಾರೆ. ನಿನ್ನೆಯವರೆಗೆ ಊರಿಗೆ ಬೇಕಾದವರಾಗಿದ್ದವರು ಇಂದು ಊರಿನ ಅನುಮಾನಕ್ಕೆ ಗುರಿಯಾದರು. ಇಂದಿಗೂ ನಗರದ ಬಡಾವಣೆಗಳಲ್ಲಿ ಚಿಂದಿ ಆಯುವವರನ್ನೂ ಪಾತ್ರೆಯವರನ್ನೂ ಕಾವಲುಗಾರರು ತಡೆದು ನಿಲ್ಲಿಸುವುದನ್ನು ಕಂಡಾಗ ಆ ಇತಿಹಾಸ ಮುಗಿದಿಲ್ಲವೆಂದೇ ಅನಿಸುತ್ತದೆ.

ಹೊಸ ಕಾನೂನುಗಳ ಸಂದರ್ಭದಲ್ಲಿ ಈ ಪಾಠ ಮುಖ್ಯವಾಗುತ್ತದೆ. ಯುರೋಪಿನ ಒಕ್ಕೂಟದ ಸದಸ್ಯ ರಾಷ್ಟ್ರಗಳು 2025ರ ಜನವರಿಯಿಂದ ಹಳೆಬಟ್ಟೆಯನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬ ನಿಯಮ ಬಂದಿದೆ. ನಮ್ಮಲ್ಲಿಯೂ ತ್ಯಾಜ್ಯ ನಿರ್ವಹಣೆಗೆ ಸಂಸ್ಥೆಗಳು, ಯಂತ್ರಗಳು, ಮೊಬೈಲ್ ಆ್ಯಪ್‌ಗಳು ಬರುತ್ತಿವೆ. ಸಂಗ್ರಹದ ಹಕ್ಕು ಗುತ್ತಿಗೆಯ ಮೂಲಕ ದೊಡ್ಡ ಸಂಸ್ಥೆಗಳಿಗೆ ಹೋದರೆ ತಲೆಯ ಮೇಲೆ ಬುಟ್ಟಿ ಹೊತ್ತವಳಿಗೆ ವಸ್ತುವೇ ದೊರೆಯುವುದಿಲ್ಲ. ಇದಕ್ಕೆ ಬೇರೆ ದಾರಿಯಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2011ರಲ್ಲಿ ತ್ಯಾಜ್ಯ ಆಯುವವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಮುಂದೆ ವಾರ್ಡು ಮಟ್ಟದ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಅವರೇ ನಡೆಸುವಂತಾಯಿತು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದವು. ಹಳೆಬಟ್ಟೆಯ ಅಲೆಮಾರಿ ವ್ಯಾಪಾರಿಗಳಿಗೂ ಇಂತಹ ಮಾನ್ಯತೆ ದೊರೆಯಬೇಕಾಗಿದೆ. ಅವರು ಬೇಡುವುದು ಅನುಕಂಪವನ್ನಲ್ಲ. ಬೀದಿಯಲ್ಲಿ ತಿರುಗುವ ಹಕ್ಕು, ಸರಕನ್ನು ವಿಂಗಡಿಸಲು ಒಂದಿಷ್ಟು ನೆರಳು, ಮಾರಲು ಖಾಯಂ ಜಾಗ, ಇಷ್ಟೇ.

ಉಪಸಂಹಾರ

ಇದುವರೆಗಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪ್ರಮಾಣ, ಕಾಲ, ಗುಣಮಟ್ಟಗಳ ಅನಿಶ್ಚಯಗಳಿಗೆ ಹಳೆಬಟ್ಟೆಯ ಜನಪದ ವ್ಯವಸ್ಥೆಯು ಅರಿವೆಯ ಗಂಟು, ಹಬ್ಬದ ಪಂಚಾಂಗ ಮತ್ತು ಹೊಸ್ತಿಲ ಚೌಕಾಸಿಗಳ ಮೂಲಕ ಉತ್ತರ ಕಂಡುಕೊಂಡಿತ್ತು. ಸಾಗಣೆಯ ವೆಚ್ಚವನ್ನು ಕುಶಲಕರ್ಮಿಯ ಅಲೆದಾಟವು ಇಳಿಸಿತ್ತು. ಆದರೆ ಅದು ಜಾತಿ ಮತ್ತು ಲಿಂಗದ ಅಸಮಾನತೆಯ ಮೇಲೆಯೇ ನಿಂತಿತ್ತು. ಕೃತಕ ನೂಲಿನ ಪ್ರವಾಹವನ್ನು ತಡೆಯುವ ಶಕ್ತಿಯೂ ಅದಕ್ಕಿರಲಿಲ್ಲ. ಆದುದರಿಂದ ಹಳೆಯದನ್ನು ಇದ್ದಂತೆಯೇ ಮರಳಿ ತರುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಅದರ ನಿರ್ವಹಣೆಯ ಜ್ಞಾನವನ್ನು ಉಳಿಸಿಕೊಂಡು, ಅದನ್ನು ಹೊತ್ತವರಿಗೆ ನ್ಯಾಯವಾದ ಪಾಲು ದೊರಕಿಸುವುದು ನಮ್ಮ ಮುಂದಿರುವ ಕಾರ್ಯ.

ಈ ದಿಸೆಯಲ್ಲಿ ಜಾನಪದ ಸಂಶೋಧಕರು ಮಾಡಬೇಕಾದ ಕೆಲಸ ಸಾಕಷ್ಟಿದೆ. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಕೌದಿಗಳಿವೆ. ಅವುಗಳ ಪಕ್ಕದಲ್ಲಿ ಹೊಲಿದವಳ ಹೆಸರಿಲ್ಲ, ಅರಿವೆ ಬಂದ ದಾರಿಯ ವಿವರವಿಲ್ಲ. ಅಲೆಮಾರಿ ವ್ಯಾಪಾರಿಗಳ ವಾರ್ಷಿಕ ಸುತ್ತಾಟದ ದಾರಿಗಳನ್ನು ನಕ್ಷೆಗೆ ಇಳಿಸಬೇಕು. ಬಟ್ಟೆಯ ಸವೆತವನ್ನು, ದರ್ಜೆಯನ್ನು ಸೂಚಿಸಲು ಅವರು ಬಳಸುವ ಪದಗಳನ್ನು ಕೋಶವಾಗಿ ಸಂಗ್ರಹಿಸಬೇಕು. ದಸರೆಯ ಕೌದಿ ಒಗೆತದಂತಹ ಆಚರಣೆಗಳನ್ನು ಆರ್ಥಿಕ ದೃಷ್ಟಿಯಿಂದಲೂ ಮರುಪರಿಶೀಲಿಸಬೇಕು. ಈ ಮಾಹಿತಿಯನ್ನು ಬಲ್ಲ ಹೆಂಗಸರಲ್ಲಿ ಹೆಚ್ಚಿನವರು ಈಗ ವಯಸ್ಸಾದವರು. ಅವರ ಹೆಣ್ಣುಮಕ್ಕಳು ಬೇರೆ ಕೆಲಸಗಳಿಗೆ ಹೋಗುತ್ತಿದ್ದಾರೆ, ಹೋಗುವುದು ಸಹಜವೂ ಹೌದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಮಿತವ್ಯಯದ ನೀತಿಯಾಗಿ ಬೋಧಿಸುತ್ತ ಬಂದಿದ್ದೇವೆ. ಆ ಹಾಸಿಗೆಯನ್ನು ತುಂಡು ತುಂಡಾಗಿ ಕೂಡಿಸಿ ಸಿದ್ಧಪಡಿಸಿದವರ ಲೆಕ್ಕವನ್ನು ಅವರಿರುವಾಗಲೇ ಅವರಿಂದ ಕೇಳಿ ಬರೆದುಕೊಳ್ಳುವ ಹೊಣೆ ನಮ್ಮ ತಲೆಮಾರಿನ ಸಂಶೋಧಕರದಾಗಿದೆ.